ಬಟ್ಟೆ ಹಗ್ಗದ ಕೆಳಗಿನ ಕೇಸರಿ

ಸಭೆಯ ಅಧ್ಯಕ್ಷರಾದ ಪಾದ್ರಿ ಗಿಂಗ್ರಿಚ್ ಅವರೇ, ನಮ್ಮ ಮೂಲಿಕೆ ತೋಟದ ಸಂಘಕ್ಕೆ ಇಂದಿನಿಂದ ನನ್ನ ಜಾಗದಲ್ಲಿ ಅಧ್ಯಕ್ಷೆಯಾಗುವ ಆರ್ಲೀನ್ ಡೋನರ್ ಅವರೇ, ಈ ಚಳಿಯಲ್ಲೂ ಪಕ್ಕದ ಊರುಗಳಿಂದ ಬಂದಿರುವ ಅತಿಥಿಗಳೇ, ಹಾಲ್ ಕೊಟ್ಟಿದ್ದಲ್ಲದೆ ಸೌಟು ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿರುವ ಅಗ್ನಿಶಾಮಕ ದಳದ ಸೋದರರೇ, ಊಟ ಎಷ್ಟು ಹೊತ್ತಿಗೆ ಎಂದು ಆಗಲೇ ಗಡಿಯಾರ ನೋಡುತ್ತಿರುವ ನನ್ನ ಪ್ರೀತಿಯ ಸಭಿಕರೇ,

ನೀವೆಲ್ಲ ಸೇರಿ ಹೊಲಿದ ಈ ಕೌದಿಯನ್ನು ನನಗೆ ಹೊದಿಸಿದಿರಿ. ಇದರಲ್ಲಿ ಯಾರ ಹೊಲಿಗೆ ಯಾವುದು ಎಂದು ನಾನು ಕೂತಲ್ಲೇ ಕಂಡುಹಿಡಿದೆ. ಅಂಕುಡೊಂಕಾಗಿರುವುದು ಆರ್ಲೀನ್‌ಳದ್ದು. ಇಷ್ಟು ವರ್ಷ ಅವಳ ಹೊಲಿಗೆಯನ್ನು ಆಡಿಕೊಂಡು ಬಂದವಳ ಹೆಗಲ ಮೇಲೆ ಈಗ ಅದೇ ಬೆಚ್ಚಗೆ ಕೂತಿದೆ.

ನನಗೆ ಕೊಟ್ಟ ವಿಷಯ, ‘ಮುಪ್ಪಿನಲ್ಲಿ ಮಿದುಳಿನ ಆರೋಗ್ಯಕ್ಕೆ ಮೂಲಿಕೆ ಮತ್ತು ಮಸಾಲೆ’. ಈ ವಿಷಯದ ಮೇಲೆ ಮಾತಾಡಲು ಬಂದವಳು ಬರೆದುಕೊಂಡ ಚೀಟಿಯನ್ನು ತಂದಿದ್ದಾಳೆ, ಕನ್ನಡಕವನ್ನು ಮನೆಯಲ್ಲೇ ಮರೆತಿದ್ದಾಳೆ. ನಗಿ, ನಗಿ. ಹಾಗಾಗಿ ಬಾಯಿಗೆ ಬಂದಷ್ಟು ಹೇಳುತ್ತೇನೆ.

ರೋಸ್‌ಮರಿ ಸೊಪ್ಪನ್ನು ಬೆರಳಲ್ಲಿ ಉಜ್ಜಿ ಮೂಸಿದರೆ ತಲೆ ಚುರುಕಾಗುತ್ತದೆ ಎನ್ನುತ್ತಾರೆ. ಸೇಜ್ ಎಲೆಯ ಚಹಾ ಒಳ್ಳೆಯದು ಎನ್ನುತ್ತಾರೆ. ಅರಿಶಿನಕ್ಕೆ ಚಿಟಿಕೆ ಕರಿಮೆಣಸು ಸೇರಿಸಬೇಕಂತೆ. ಇವೆಲ್ಲ ಆರ್ಲೀನ್ ನಿಮಗೆ ಅಚ್ಚು ಹಾಕಿಸಿ ಕೊಟ್ಟ ಹಾಳೆಯಲ್ಲಿವೆ. ಆದರೆ ನೀವು ಬಂದಿರುವುದು ಅದನ್ನು ಕೇಳಲಿಕ್ಕಲ್ಲ ಎಂದು ನನಗೆ ಗೊತ್ತು. ಇಡೀ ಊರು ನನ್ನನ್ನು ಕೇಳುತ್ತಿರುವ ಪ್ರಶ್ನೆ ಒಂದೇ. ಅಂಗಡಿಯಲ್ಲಿ ಕೇಳಿದಿರಿ, ಚರ್ಚಿನ ಮೆಟ್ಟಿಲ ಮೇಲೆ ಕೇಳಿದಿರಿ, ಫೋನ್ ಮಾಡಿ ಹವಾಮಾನದ ಮಾತಾಡಿ ಕೊನೆಗೆ ಅದನ್ನೇ ಕೇಳಿದಿರಿ. ಮಾಹ್ಲನ್‌ನ ಮರೆವಿಗೆ ಕೇಸರಿ ಹಿಡಿಯಿತಾ? ಅವನು ಮನೆಯಲ್ಲೇ ಇರುತ್ತಾನಾ, ಇಲ್ಲಾ ವೃದ್ಧಾಶ್ರಮಕ್ಕೆ ಹೋಗುತ್ತಾನಾ?

ನನ್ನ ಗಂಡ ಮಾಹ್ಲನ್ ಇಲ್ಲೇ ಮೊದಲ ಸಾಲಿನಲ್ಲಿದ್ದಾನೆ, ನೀಲಿ ಅಂಗಿ. ಕೂತುಕೋ ಮಾಹ್ಲನ್, ಇನ್ನೂ ಮುಗಿದಿಲ್ಲ.

ನಮ್ಮ ಕಡೆ ಕೇಸರಿಯನ್ನು ಯಾರೂ ಕೊಂಡು ಬೆಳೆದವರಲ್ಲ. ತಾಯಿಯ ಪಾತಿಯಿಂದ ಗಡ್ಡೆ ಬರಬೇಕು, ಮಗಳ ಪಾತಿಗೆ ಹೋಗಬೇಕು. ನಾನು ಮದುವೆಯಾಗಿ ಬಂದಾಗ ನನ್ನ ಅಮ್ಮ ಅಪ್ಪನ ಹಳೇ ಕಾಲುಚೀಲದಲ್ಲಿ ಗಡ್ಡೆ ತುಂಬಿ ನನ್ನ ಮಡಿಲಿಗೆ ಹಾಕಿದ್ದಳು. ಮಾಹ್ಲನ್‌ನ ತಾಯಿ, ‘ಅಡುಗೆಮನೆ ಹಿಂದೆ, ಬೇಲಿ ಪಕ್ಕ ಹಾಕು,’ ಎಂದರು. ಹಾಕಿದೆ. ಆ ಮನೆಯಲ್ಲಿ ಅವರ ಮಾತಿಗೆ ಎರಡು ಮಾತಿರಲಿಲ್ಲ. ಅಕ್ಟೋಬರ್ ಬಂದರೆ ನೆಲದಿಂದ ನೇರಳೆ ಹೂ ಏಳುವುದು, ಬಿಸಿಲೇರುವ ಮೊದಲು ಕೊಯ್ಯುವುದು, ಕೆಂಪು ಎಳೆ ಬಿಡಿಸಿ ಒಣಗಿಸಿ ಹೂವಿನ ಚಿತ್ರದ ಮರದ ಭರಣಿಯಲ್ಲಿ ತುಂಬುವುದು. ಕೋಳಿ ಸಾರಿಗೆ ಹಿಟ್ಟಿನ ಬಿಲ್ಲೆ ಹಾಕಿ ಮಾಡುವ ಪಾಟ್ ಪೈಯನ್ನು ಕೇಸರಿ ಇಲ್ಲದೆ ಬೇಯಿಸಿದವಳನ್ನು ಈ ಊರು ಕ್ಷಮಿಸುವುದಿಲ್ಲ. ಸಾರು ಬೆಳ್ಳಗಿದ್ದರೆ ಜಿಪುಣಿ ಎನ್ನುತ್ತೀರಿ, ಹಳದಿ ಹೆಚ್ಚಾದರೆ ಜಂಭಗಾತಿ ಎನ್ನುತ್ತೀರಿ.

ಮಾಹ್ಲನ್‌ನ ಮರೆವು ಶುರುವಾದದ್ದು ಸಣ್ಣಸಣ್ಣದರಿಂದ. ಪಕ್ಕದ ಮನೆಯವನ ಹೆಸರು, ಕಾರಿನ ಕೀಲಿ. ಆಮೇಲೆ ನಮ್ಮ ಮನೆಗೆ ತಿರುಗುವ ದಾರಿ. ಕೇಸರಿಯಿಂದ ನೆನಪು ಚಿಗುರುತ್ತದೆ ಎಂದು ಯಾರೋ ಹೇಳಿದರು. ಹೇಳಿದವರು ಆರ್ಲೀನ್. ನಾನು ಡಾಕ್ಟರನ್ನು ಕೇಳಿದೆ. ಆ ಹುಡುಗಿ ನನ್ನ ಮೊಮ್ಮಗಳ ವಯಸ್ಸಿನವಳು, ಸುಳ್ಳು ಹೇಳಲಿಲ್ಲ. ‘ಅಜ್ಜಿ, ಅಡುಗೆಗೆ ಹಾಕಿ, ರುಚಿಯಾಗಿ ತಿನ್ನಲಿ. ಮಾತ್ರೆ ಮಾತ್ರ ನಿಲ್ಲಿಸಬೇಡಿ. ದಿನಾ ನಡೆಸಿ, ಮಾತಾಡಿಸಿ. ಕೇಸರಿ ಬಗ್ಗೆ ಪರೀಕ್ಷೆ ನಡೀತಾ ಇದೆ, ಖಂಡಿತಾ ಆಗುತ್ತೆ ಅಂತ ನಾನು ಹೇಳಲಾರೆ,’ ಎಂದಳು. ನೀವಾದರೂ ಏನು ಮಾಡುತ್ತಿದ್ದಿರಿ? ಮನೆಯಲ್ಲಿ ಭರಣಿ ಇದೆ, ಎದುರಿಗೆ ಗಂಡ ಇದ್ದಾನೆ. ನಾನು ಹಾಲಿಗೆ ಹಾಕಿದೆ, ಸಾರಿಗೆ ಹಾಕಿದೆ, ಗಂಜಿಗೆ ಹಾಕಿದೆ. ದಿನಾ ಅವನ ಮುಖ ನೋಡುತ್ತಿದ್ದೆ, ಒಲೆ ಮೇಲಿಟ್ಟ ಹಾಲನ್ನು ನೋಡುವ ಹಾಗೆ.

ಜುಲೈನಲ್ಲಿ ಒಂದು ದಿನ ಚರ್ಚಿನಿಂದ ಬಂದು ನೋಡುತ್ತೇನೆ, ಬೇಲಿ ಪಕ್ಕದ ಪಾತಿ ಪೂರಾ ಅಗೆದು ಹಾಕಿದೆ. ಒಂದು ಗಡ್ಡೆಯೂ ಇಲ್ಲ. ಮಾಹ್ಲನ್ ಪಂಪಿನ ಕೆಳಗೆ ಕೈ ತೊಳೆಯುತ್ತಿದ್ದ. ಗಡ್ಡೆ ಎಲ್ಲಿ ಎಂದರೆ ‘ಎತ್ತಿಟ್ಟೆ’ ಎಂದ. ಎಲ್ಲಿಟ್ಟೆ ಎಂದರೆ ತನ್ನ ಒದ್ದೆ ಕೈಯನ್ನೇ ನೋಡಿಕೊಂಡ. ಗೊಬ್ಬರದ ಗುಂಡಿ ಕೆದಕಿದೆ, ಕೋಳಿಗೂಡು ನೋಡಿದೆ, ನೆಲಮಾಳಿಗೆಯ ಡಬ್ಬಿಗಳನ್ನೆಲ್ಲ ಸುರಿದೆ. ಅಮ್ಮನ ಗಡ್ಡೆ, ಅವಳ ಅಮ್ಮನ ಗಡ್ಡೆ, ನನ್ನ ಕೈಯಲ್ಲಿ ಮುಗಿದುಹೋಯಿತಲ್ಲ ಎಂದು ಮೆಟ್ಟಿಲ ಮೇಲೆ ಕೂತು ಅತ್ತೆ. ಮಾಹ್ಲನ್ ಬಂದು ಪಕ್ಕದಲ್ಲಿ ಕೂತ. ತನ್ನ ಕರವಸ್ತ್ರ ಕೊಟ್ಟ.

ನನ್ನ ಮಗಳು ಜೋಲೀನ್ ಅಂದೇ ಸಂಜೆ ಬಂದಳು. ‘ಅಮ್ಮ, ಇವತ್ತು ಗಡ್ಡೆ, ನಾಳೆ ಒಲೆ. ನಾನು ಎಷ್ಟು ದಿನ ನಿದ್ದೆ ಕೆಡಲಿ ಹೇಳು?’ ಎಂದಳು. ಅವಳ ಮಾತಲ್ಲಿ ತಪ್ಪಿರಲಿಲ್ಲ. ಜೋಲೀನ್, ನೀನು ತಲೆ ತಗ್ಗಿಸಬೇಡ, ನಾನು ಹೊಗಳುತ್ತಿದ್ದೇನೆ. ಬೆಟ್ಟದ ಕೆಳಗಿನ ಆಶ್ರಮದಲ್ಲಿ ಮಾಹ್ಲನ್‌ನ ಹೆಸರು ಬರೆಸಿದೆವು. ನವೆಂಬರಿಗೆ ಒಂದು ಕೋಣೆ ಖಾಲಿಯಾಗುತ್ತದೆ ಎಂದರು. ಒಬ್ಬರ ಕೋಣೆ.

ಇನ್ನು ಅಕ್ಟೋಬರಿನ ಮಾತು. ಸೋಮವಾರ ನಮ್ಮಲ್ಲಿ ಬಟ್ಟೆ ಒಗೆಯುವ ದಿನ, ಅದು ನಿಮಗೂ ಗೊತ್ತು, ನನ್ನ ಹಗ್ಗ ಬರಿದಾಗಿದ್ದರೆ ನೀವು ಆಂಬುಲೆನ್ಸ್ ಕರೆಯುತ್ತೀರಿ. ಹಾಸಿಗೆ ಚಾದರ ಒಣಹಾಕುತ್ತಿದ್ದೆ. ಬಟ್ಟೆಗೆ ಸಿಕ್ಕಿಸುವ ಕ್ಲಿಪ್ಪು ಕೈ ಜಾರಿ ಬಿತ್ತು. ಬಗ್ಗಿದೆ. ನನ್ನ ಬೂಟಿನ ಪಕ್ಕ ಒಂದು ನೇರಳೆ ಮೊಗ್ಗು. ಚಾದರ ಸರಿಸಿ ನೋಡಿದರೆ ಹಗ್ಗದ ಉದ್ದಕ್ಕೂ, ಈ ಕಂಬದಿಂದ ಆ ಕಂಬದವರೆಗೆ, ಸಾಲಾಗಿ ಎದ್ದಿವೆ. ನೇಗಿಲ ಗೆರೆಯಷ್ಟು ನೇರ. ನಾಲ್ಕು ಬೆರಳು ಜಾಗ ಬಿಟ್ಟು ಒಂದೊಂದನ್ನೂ ಊರಿದ್ದ.

ಮಾಹ್ಲನ್‌ನನ್ನು ಕೈ ಹಿಡಿದು ಕರಕೊಂಡು ಬಂದೆ. ಇವು ಇಲ್ಲಿಗೆ ಹೇಗೆ ಬಂದವು ಎಂದು ಕೇಳಿದೆ.

‘ನೀನೇ ಅಲ್ವೇನೇ ಕೇಳಿದ್ದು? ಬಟ್ಟೆ ಹಾಕುವಾಗ ಕಾಣೋ ಹಾಗೆ ಇಲ್ಲಿರಲಿ ಅಂದೆ. ಅಮ್ಮ ಬೇಡ ಅಂದಳು.’

ಸಭಿಕರೇ, ನಾನು ಕೇಳಿದ್ದು ನನಗೇ ನೆನಪಿರಲಿಲ್ಲ. ಕಂಬ ಹಿಡಿದು ನಿಂತು ಯೋಚಿಸಿದೆ. ಹೌದು, ಕೇಳಿದ್ದೆ. ಮದುವೆಯಾದ ಹೊಸತು, ಕಾಲುಚೀಲ ಕೈಯಲ್ಲಿ ಹಿಡಿದು ಒಂದೇ ಒಂದು ಸಲ ಕೇಳಿದ್ದೆ. ಅತ್ತೆ ಬೇಡ ಎಂದಾಗ ಇವನು ತುಟಿ ಬಿಚ್ಚದೆ ನಿಂತಿದ್ದ. ಎರಡು ದಿನ ನಾನು ಇವನ ಜೊತೆ ಮಾತು ಬಿಟ್ಟಿದ್ದೆ. ಆಮೇಲೆ ಮಕ್ಕಳು, ಹಸು, ಹೊಲ, ಅದೆಲ್ಲ ನನ್ನ ತಲೆಯಿಂದ ಹೋಯಿತು. ಇವನ ತಲೆಯಿಂದ ಹೋಗಲಿಲ್ಲ. ಇನ್ನೊಂದು ಕೇಳಿ. ಕೇಸರಿ ಗಡ್ಡೆಯನ್ನು ನಾಲ್ಕು ವರ್ಷಕ್ಕೊಮ್ಮೆ ಬೇಸಿಗೆಯಲ್ಲಿ, ಎಲೆ ಒಣಗಿ ನೆಲ ಬೋಳಾದಾಗ ಎತ್ತಬೇಕು, ಬಿಡಿಸಬೇಕು, ಬೇರೆ ಕಡೆ ಊರಬೇಕು. ಸಂಘದ ಅಧ್ಯಕ್ಷೆ ಎಂದು ನಿಮಗೆಲ್ಲ ಬುದ್ಧಿ ಹೇಳುವವಳು ನಾನು. ಈ ಬೇಸಿಗೆ ನಾಲ್ಕನೆಯದು. ಅದನ್ನು ಮರೆತವಳು ನಾನು, ನೆನಪಿಟ್ಟವನು ಅವನು.

ನನಗೆ ನಗು ಬಂತು, ಅಳುವೂ ಬಂತು. ‘ಈಗ ನಿನ್ನ ಅಮ್ಮ ಬಯ್ಯಲ್ವಾ?’ ಎಂದು ರೇಗಿಸಿದೆ. ಅವನು ನಗಲಿಲ್ಲ. ಮನೆಯ ಕಡೆ ತಿರುಗಿ ನೋಡಿದ.

‘ಅಮ್ಮ ಎಲ್ಲಿ ಹೋದಳು ವರ್ನಾ? ಆಗಿನಿಂದ ಕಾಣಿಸ್ತಾ ಇಲ್ಲ.’

ಎಷ್ಟೋ ವರ್ಷದ ಹಿಂದೆ ಅತ್ತೆಯನ್ನು ಮಣ್ಣು ಮಾಡಿದಾಗ ಪೆಟ್ಟಿಗೆಗೆ ಹೆಗಲು ಕೊಟ್ಟವರಲ್ಲಿ ಮೊದಲಿನವನು ಅವನೇ. ನಾನು ‘ಬರ್ತಾರೆ, ಮೊದಲು ಹೂ ಕೊಯ್ಯೋಣ ಬಾ,’ ಎಂದೆ. ಕೊಯ್ದೆವು. ಅವನ ಬೆರಳು ಒಂದು ಎಳೆಯನ್ನೂ ತುಂಡು ಮಾಡಲಿಲ್ಲ.

ಹಾಗಾದರೆ ಕೇಸರಿ ಹಿಡಿಯಿತಾ? ನನಗೆ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಈ ವೇದಿಕೆಯಿಂದ ಹೇಳಿ ನಿಮ್ಮ ಮನೆಯ ಮುದುಕರ ಮಾತ್ರೆ ಬಿಡಿಸಲಾರೆ. ಅಡುಗೆಗೆ ಹಾಕಿ, ಮನೆ ಘಮಘಮ ಎನ್ನುತ್ತದೆ, ಮುದುಕರು ಒಂದು ತುತ್ತು ಹೆಚ್ಚು ಉಣ್ಣುತ್ತಾರೆ. ಅಷ್ಟನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಎರಡನೆಯ ಪ್ರಶ್ನೆಗೆ ಉತ್ತರ ಇದೆ. ಮಾಹ್ಲನ್ ಆಶ್ರಮಕ್ಕೆ ಹೋಗುತ್ತಾನೆ. ಬರುವ ಸೋಮವಾರ. ಆದರೆ ಆ ಒಬ್ಬರ ಕೋಣೆ ನಮಗೆ ಬೇಡ ಎಂದು ಹೇಳಿದೆ, ಇಬ್ಬರ ಕೋಣೆ ಕೇಳಿ ಪಡೆದೆ. ನಾನೂ ಹೋಗುತ್ತಿದ್ದೇನೆ. ಒಂದು ಸಲ ಕೇಳಿದ ಮಾತನ್ನು ಇಷ್ಟು ಕಾಲ ಇಟ್ಟುಕೊಂಡವನನ್ನು ಒಬ್ಬನೇ ಕಳಿಸಲು ನನಗೆ ಮನಸ್ಸು ಬರಲಿಲ್ಲ. ನಾನು ಅಧ್ಯಕ್ಷಗಿರಿ ಬಿಟ್ಟದ್ದು ಮೊಣಕಾಲು ನೋವಿಗೆ ಎಂದು ಆರ್ಲೀನ್ ಆಗಲೇ ಈ ವೇದಿಕೆಯಿಂದ ಹೇಳಿದಳಲ್ಲ, ಹೇಳಿಕೊಟ್ಟದ್ದು ನಾನೇ. ಮೊಣಕಾಲು ಚೆನ್ನಾಗಿದೆ.

ಮನೆಗೆ ಜೋಲೀನ್ ಬರುತ್ತಾಳೆ. ಅವಳಿಗೆ ಬಟ್ಟೆ ಒಣಗಿಸುವ ಯಂತ್ರವಿದೆ, ಆದರೂ ಹಗ್ಗ ಬಿಚ್ಚುವುದಿಲ್ಲ ಎಂದು ಮಾತು ಕೊಟ್ಟಿದ್ದಾಳೆ. ನಾಲ್ಕು ವರ್ಷದ ಮೇಲೆ ನನ್ನ ತಲೆ ಹೇಗಿರುತ್ತದೋ ಕಾಣೆ, ಅದಕ್ಕೇ ಈಗಲೇ ನಿಮ್ಮೆಲ್ಲರ ಎದುರು ಹೇಳಿಡುತ್ತಿದ್ದೇನೆ. ಆ ಬೇಸಿಗೆ ಯಾರಾದರೂ ಗುದ್ದಲಿ ತೆಗೆದುಕೊಂಡು ನಮ್ಮ ಹಿತ್ತಲಿಗೆ ಹೋಗಿ. ಹಗ್ಗದ ಕೆಳಗೆ ಒಂದು ಎಲೆಯೂ ಇರುವುದಿಲ್ಲ, ಬರೀ ಮಣ್ಣು ಕಾಣುತ್ತದೆ. ಏನೂ ಇಲ್ಲ ಎಂದು ವಾಪಸು ಬರಬೇಡಿ. ಮೆಲ್ಲಗೆ ಅಗೆಯಿರಿ, ಎಲ್ಲಾ ಅಲ್ಲೇ ಇರುತ್ತದೆ. ಎತ್ತಿ ಮನೆಮನೆಗೆ ಹಂಚಿಕೊಳ್ಳಿ. ಊರುವಾಗ ಎಲ್ಲಿ ಊರಲಿ ಎಂದು ನಿಮ್ಮ ಮನೆಯ ಹೆಂಗಸನ್ನು ಒಂದು ಮಾತು ಕೇಳಿ.

ಕೌದಿ ಹೊಲಿದ ಕೈಗಳಿಗೆ, ಇಂದಿನ ಸಾರು ಕಾಯಿಸಿದವರಿಗೆ, ಇಷ್ಟು ಹೊತ್ತು ಹಸಿವು ತಡೆದ ನಿಮಗೆ ನನ್ನ ಕೃತಜ್ಞತೆಗಳು. ಒಳಗೆ ಬೇಯುತ್ತಿರುವ ಪಾಟ್ ಪೈಗೆ ಹಾಕಿರುವುದು ಹಗ್ಗದ ಕೆಳಗಿನ ಕೇಸರಿ. ಹಳದಿ ಸ್ವಲ್ಪ ಹೆಚ್ಚಾಗಿದೆ, ಜಂಭಗಾತಿ ಎಂದುಕೊಳ್ಳಿ.

ಮಾಹ್ಲನ್, ಈಗ ಏಳು. ಮುಗಿಯಿತು. ಊಟಕ್ಕೆ ಹೋಗೋಣ ಬಾ.

ಎಲ್ಲರಿಗೂ ನಮ್ಮಿಬ್ಬರ ನಮಸ್ಕಾರ.