ನಾನು ತೆಗೆದುಹಾಕಿದ ನಿಯಮ

ಹಲೋ... ಹಲೋ, ಯಾರು ಮಾತಾಡ್ತಿರೋದು? ಸರ್ ಅವರಾ?

...

ಸರ್, ನಾನು ಗುಬ್ಬಿ! ಆಸ್ಪತ್ರೆ ಸಾಫ್ಟ್‌ವೇರ್ ಕಂಪನಿಯಿಂದ. ಸದಾ ಚಿಲಿಪಿಲಿ ಅಂತಿರ್ತೀನಿ ಅಂತ ನೀವೇ ಇಟ್ಟ ಹೆಸರು.

...

ಹಾಂ? ಇಲ್ಲ ಇಲ್ಲ, ನಲ್ಲಿ ರಿಪೇರಿಯವಳಲ್ಲ ಸರ್!

...

ಲೈನ್ ಸರಿಯಿಲ್ಲ ಅನ್ಸುತ್ತೆ. ಮೆಟ್ಟಿಲ ಹತ್ರ ಬಂದೆ, ಈಗ ಕೇಳುತ್ತಾ? ಆರು ವರ್ಷ ನಿಮ್ಮ ಕೈಕೆಳಗೆ ಕೆಲಸ ಕಲಿತವಳು ಸರ್. ನೀವು ರಿಟೈರ್ ಆಗಿ ಮೂರು ವರ್ಷ ಆಯ್ತು, ನಾನು ಒಂದು ಫೋನೂ ಮಾಡ್ಲಿಲ್ಲ, ಅದಕ್ಕೆ ಕೋಪಾನಾ?

...

ಯಾರು ಅಂತ ಮತ್ತೆ ಕೇಳ್ತಿದೀರಲ್ಲ... ಗುಬ್ಬಿ ಸರ್.

...

ಹಾಂ... ಸರ್ ಮನೆಯವರಾ? ನಮಸ್ಕಾರ ಮೇಡಂ. ಸರ್ ಯಾಕೋ ನನ್ನ ಗುರುತೇ ಹಿಡೀತಿಲ್ಲ. ತಮಾಷೆ ಮಾಡ್ತಿದಾರೆ, ಅಲ್ವಾ?

...

ಯಾವಾಗಿಂದ?

...

ಮಗಳ ಹೆಸರೂ ಮರೀತಾರಾ... ಅಯ್ಯೋ. ನಮಗ್ಯಾರಿಗೂ ಗೊತ್ತೇ ಇರ್ಲಿಲ್ಲ ಮೇಡಂ.

...

ಇಲ್ಲ, ಅರ್ಜೆಂಟ್ ಏನಿಲ್ಲ... ಇತ್ತು. ಸರ್ ಹತ್ರ ಕ್ಷಮೆ ಕೇಳೋಣ ಅಂತ ಮಾಡಿದ್ದೆ.

...

ಹೇಗೆ ಹೇಳ್ಲಿ... ನಾವು ಬರೆದ ಕೋಡನ್ನ ಕಂಪ್ಯೂಟರೇ ಓದಿ, ತಪ್ಪು ಕಂಡಲ್ಲಿ ಕೆಂಪು ಗೆರೆ ಎಳೆಯುತ್ತೆ. ಮೇಷ್ಟ್ರು ನೋಟ್‌ಬುಕ್ ತಿದ್ದಿದ ಹಾಗೆ. ಯಾವುದು ತಪ್ಪು ಅನ್ನೋ ನಿಯಮಗಳನ್ನ ಬರೆದಿದ್ದು ಸರ್. ನಮ್ಮ ಐದೂ ಪ್ರಾಜೆಕ್ಟಿಗೆ ಒಂದೇ ನಿಯಮ ಇರ್ಬೇಕು, ಎಲ್ಲರೂ ಒಂದೇ ಕಡೆಯಿಂದ ತಗೋಬೇಕು ಅಂತ ಹಟ ಹಿಡಿದಿದ್ರು.

...

ಮನೇಲೂ ಹಾಗೇನಾ? ಡಬ್ಬಿಗಳಿಗೆಲ್ಲ ಚೀಟಿ ಅಂಟಿಸ್ತಿದ್ರಾ? ಹ್ಹ... ಸರ್ ಅಂದ್ರೆ ಸರ್ರೇ.

...

ಅದರಲ್ಲೊಂದು ನಿಯಮ ಮೇಡಂ. ಔಷಧಿ ಪ್ರಮಾಣ ಬರೆಯೋವಾಗ ಬರೀ ಐದು ಅನ್ನಂಗಿಲ್ಲ. ಐದು ಏನು, ಮಿಲಿಗ್ರಾಮಾ ಮೈಕ್ರೋಗ್ರಾಮಾ, ಕೋಡಲ್ಲಿ ಆ ಸಂಖ್ಯೆಗೆ ಇಡೋ ಹೆಸರಲ್ಲೇ ಇರ್ಬೇಕು. ನನಗೆ ರೇಜಿಗೆ. ವಾರ್ಡಿನ ಪ್ರಾಜೆಕ್ಟ್ ನನ್ನದು, ಗಡುವು ತಲೆ ಮೇಲೆ ಕೂತಿತ್ತು. ನಿಯಮಗಳದ್ದೊಂದು ಪ್ರತಿ ಮಾಡ್ಕೊಂಡು, ಅದರಿಂದ ಇದೊಂದನ್ನ ತೆಗೆದುಹಾಕ್ದೆ. ಮೀಟಿಂಗಲ್ಲಿ ಸರ್ ಯಾಕಮ್ಮಾ ಅಂತ ಕೇಳಿದ್ರು. 'ನಿಮ್ಮ ಕಾಲ ಮುಗೀತು ಸರ್' ಅಂದುಬಿಟ್ಟೆ. ಎಲ್ಲರೂ ನಕ್ರು. ಸರ್ ಕನ್ನಡಕ ಒರೆಸ್ಕೊಂಡ್ರು. ಮುಂದಿನ ತಿಂಗಳು ರಿಟೈರ್ ಆದ್ರು.

...

ನಿಮಗೂ ಹೇಳ್ಲೇ ಇಲ್ವಾ?

...

ಈಗ ಯಾಕೆ ಅಂದ್ರೆ... ಹೋದ ವಾರ ಔಷಧಿ ವಿಭಾಗದ ಪ್ರಾಜೆಕ್ಟಿನವರು ತಾವು ಕಳಿಸೋ ಪ್ರಮಾಣನ ಮಿಲಿಗ್ರಾಮಿಂದ ಮೈಕ್ರೋಗ್ರಾಮಿಗೆ ಬದಲಾಯಿಸಿದ್ರು. ಅಲ್ಲಿಂದ ಬಂದ ಸಂಖ್ಯೆನ ನನ್ನ ಕೋಡು ಮಿಲಿಗ್ರಾಮ್ ಅಂತಲೇ ಓದ್ಕೊಂಡಿತು. ಸೋಮವಾರ ಒಂದು ಮಗುವಿನ ಡೋಸು ಸಾವಿರ ಪಟ್ಟು ಜಾಸ್ತಿಯಾಗಿ ಪರದೆ ಮೇಲೆ ಬಂತು.

...

ಇಲ್ಲ ಮೇಡಂ, ಕೊಡ್ಲಿಲ್ಲ! ನರ್ಸಮ್ಮನಿಗೆ ಅನುಮಾನ ಬಂದು ಡಾಕ್ಟರನ್ನ ಕರೆದ್ರಂತೆ. ಮಗು ಚೆನ್ನಾಗಿದೆ. ನನಗೇ ಊಟ ಸೇರ್ತಿಲ್ಲ.

...

ಹಾಂ, ನಿನ್ನೆ ಆ ನಿಯಮನ ವಾಪಸ್ ತಂದೆ. ಸರ್ ಹೇಳಿದ ಹಾಗೇ, ಐದೂ ಪ್ರಾಜೆಕ್ಟಿಗೆ ಒಂದೇ. ನನ್ನ ಕೋಡೊಂದರಲ್ಲೇ ಇನ್ನೂರ ಹದಿನೇಳು ಕೆಂಪು ಗೆರೆ ಬಂತು. ಒಂದೊಂದಾಗಿ ತಿದ್ದುತ್ತಾ ಕೂತಿದ್ದೆ, ಸರ್‌ಗೆ ಹೇಳ್ಲೇಬೇಕು ಅನ್ನಿಸ್ತು. ಅವರಿಗೆ ನೆನಪೇ ಇಲ್ಲದ ಮೇಲೆ ಯಾರಿಗೆ ಹೇಳ್ಲಿ ಮೇಡಂ?

...

ಸರ್ ಫೋನ್ ಕೊಡು ಅಂತಿದಾರಾ? ಕೊಡಿ, ಕೊಡಿ.

...

ಸರ್... ನನ್ನಿಂದ ತಪ್ಪಾಯ್ತು ಸರ್. ಅವತ್ತು ಎಲ್ಲರೆದುರು ಹಾಗಂದಿದ್ದು...

...

ಯಾವತ್ತು ಅಂತಾನಾ?... ಹೋಗ್ಲಿ ಬಿಡಿ ಸರ್.

...

ಇಲ್ಲ, ಅಳ್ತಿಲ್ಲ. ನೆಗಡಿ.

...

ಹೊಸಬಳಾ ಅಂದ್ರಾ?... ಹೌದು ಸರ್. ಹೊಸಬಳೇ.

...

ನಾಳೆ ಒಂಬತ್ತಕ್ಕೆ ಆಫೀಸಿಗಾ? ಹಾಂ, ಬರ್ತೀನಿ. ನೀವೇ ಹೇಳ್ಕೊಡ್ತೀರಾ?

...

ನಿಮ್ಮ ಪಕ್ಕದ ಕುರ್ಚಿನಾ... ಇಲ್ಲ ಸರ್, ಯಾರೂ ಕೂತಿಲ್ಲ. ಖಾಲಿನೇ ಇದೆ. ನಾನು ಬೇಗ ಬಂದು ಕೂತಿರ್ತೀನಿ, ನೀವು ನಿಧಾನವಾಗಿ... ಸರ್?

...

ಸರ್, ಕೇಳಿಸ್ತಾ? ಹಲೋ?... ಹಲ—