ಬೋರಲು ಹಾಕಿದ ಬುಟ್ಟಿ

ಅಧ್ಯಕ್ಷ ಪೀಠದಲ್ಲಿರುವ ಪಾದ್ರಿ ಹಾಡ್ಜ್ ಅವರೇ, ಬೆವರಿನಲ್ಲಿ ನೆನೆದರೂ ಕೋಟು ಬಿಚ್ಚದೆ ಕುಳಿತಿರುವ ಮುಖ್ಯ ಅತಿಥಿಗಳೇ, ಬಾಸ್ಟೇರ್ ಸಂತೆಯ ಅಕ್ಕತಂಗಿಯರೇ, ನೀವಿಸ್ ದ್ವೀಪದಿಂದ ಬೆಳಗಿನ ದೋಣಿ ಹತ್ತಿ ಬಂದು ಎಂದಿನಂತೆ ಹಿಂದಿನ ಬೆಂಚುಗಳಲ್ಲೇ ಕುಳಿತಿರುವ ನನ್ನ ಊರಿನವರೇ, ಹಿತ್ತಲಲ್ಲಿ ಆಡಿನ ಸಾರು ಕುದಿಸುತ್ತ ಕಿವಿಯನ್ನು ಮಾತ್ರ ಇಲ್ಲಿ ಬಿಟ್ಟುಹೋಗಿರುವ ಹೆಣ್ಣುಮಕ್ಕಳೇ, ಮತ್ತು ಎಲ್ಲ ಸಭಿಕರೇ,

ಈ ಮೈಕನ್ನು ಸ್ವಲ್ಪ ಆಚೆ ಸರಿಸುತ್ತೇನೆ. ಸಂತೆಯಲ್ಲಿ ಕೂಗಿ ಕೂಗಿ ಮುದುಕಿಯಾದವಳಿಗೆ ಇದರ ಹಂಗು ಬೇಕಿಲ್ಲ. ನಾನು ಶಾಲೆಗೆ ಹೋದದ್ದು ಕಡಿಮೆ. ಮೊಮ್ಮಗಳು ಒಂದು ಭಾಷಣ ಬರೆದುಕೊಟ್ಟಿದ್ದಳು, ಚೆನ್ನಾಗಿಯೇ ಇತ್ತು. ಓದಿ ನೋಡಿದೆ. ಅದರಲ್ಲಿ ಅಯಾಂಥಿ ಎಲ್ಲೂ ಸಿಗಲಿಲ್ಲ, ಬರೀ ಹೂವುಗಳೇ ಇದ್ದವು. ಅದನ್ನು ಮನೆಯಲ್ಲೇ ಬಿಟ್ಟು ಬಂದಿದ್ದೇನೆ.

ಇವತ್ತಿನ ಸಮಾರಂಭ ಅಯಾಂಥಿ ಫಿಪ್ಸ್‌ಗೆ ಬೀಳ್ಕೊಡುಗೆ. ಈ ಸಂತೆಯ ಗೇಟಿನ ಪಕ್ಕ, ನನ್ನ ಮಗ್ಗುಲಿನ ಜಾಗದಲ್ಲಿ ಒಂದು ಆಯುಷ್ಯ ಕೂತು, ಉಪ್ಪುಮೀನು ಮಾರಿ, ಕೊಂಡವರನ್ನೂ ಕೊಳ್ಳದವರನ್ನೂ ಒಂದೇ ಬಾಯಲ್ಲಿ ಬೈದ ಹೆಂಗಸು ಇವಳು. ಮುಂದಿನ ಶನಿವಾರ ಇವಳ ಮದುವೆ. ಹೆಂಡತಿ ತೀರಿಕೊಂಡಿರುವ ನನ್ನ ತಮ್ಮ, ದೋಣಿ ನಡೆಸುವ ಆಲ್ಫಿಯಸ್‌ನ ಜೊತೆ. ಮದುವೆಯಾಗಿ ನಮ್ಮ ನೀವಿಸ್‌ಗೆ ಬರುತ್ತಾಳೆ. ಎಪ್ಪತ್ತು ದಾಟಿದ ಮದುಮಗಳು! ನಗಬೇಡಿ. ಅಲ್ಲ, ನಗಿ. ಅವಳೇ ನಗುತ್ತಿದ್ದಾಳೆ, ನೋಡಿ.

ಮುಖ್ಯ ಅತಿಥಿಗಳು ಈಗ ತಾನೇ ಬಹಳ ಚೆಂದದ ಮಾತು ಹೇಳಿದರು. ಈ ಮದುವೆ ಎರಡು ದ್ವೀಪಗಳ ಮದುವೆಯಂತೆ. ಸೇಂಟ್ ಕಿಟ್ಸ್ ಮತ್ತು ನೀವಿಸ್ ಎಂಬ ಈ ದೇಶವನ್ನು ಎರಡು ಮಾಡಬೇಕೆನ್ನುವವರು ಈ ಇಬ್ಬರನ್ನು ನೋಡಿ ಕಲಿಯಬೇಕಂತೆ. ನೀವೆಲ್ಲ ಚಪ್ಪಾಳೆ ತಟ್ಟಿದಿರಿ. ನಾನು ತಟ್ಟಲಿಲ್ಲ, ಕೈಯಲ್ಲಿ ಚೀಲ ಇತ್ತು. ಅವರಿಗೆ ಒಂದು ಮಾತು ನೆನಪಿಸುತ್ತೇನೆ. ಹಿಂದೊಮ್ಮೆ ಮತದಾನ ನಡೆದಾಗ ನಾವು ನೀವಿಸ್‌ನವರು ನಿಮ್ಮಿಂದ ಬೇರೆಯಾಗಲು ಮೂವರಲ್ಲಿ ಇಬ್ಬರು ಹೂಂ ಎನ್ನಬೇಕಿತ್ತು. ಮದುವೆ ಮುರಿಯಲು ಇಬ್ಬರಲ್ಲಿ ಒಬ್ಬರು ಸಾಕು. ಆದ್ದರಿಂದ ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ ಸ್ವಾಮಿ. ಆಲ್ಫಿಯಸ್ ಹೆದರುತ್ತಾನೆ.

ನಾನು ಬಾಗಿಲಲ್ಲಿ ಕಾಲಿಡುವಾಗಲೇ ಅತಿಥಿಗಳು ನನ್ನ ಕೈ ಹಿಡಿದುಕೊಂಡು ಒಂದು ಮಾತು ಕೇಳಿದ್ದರು.

"ಅಜ್ಜಿ, ಆವತ್ತು ನೀವು ಹೊರಗೆ ಹೋಗೋಣ ಅಂತ ಓಟು ಹಾಕಿದೋರು ಅಂತ ಎಲ್ಲಾರ್ಗೂ ಗೊತ್ತು. ಈಗ ಮತ್ತೆ ಓಟಿನ ಮಾತು ಎದ್ದಿದೆ. 'ಆವತ್ತು ದುಡುಕಿದೆ, ಇನ್ಮೇಲೆ ಒಟ್ಟಿಗೇ ಇರೋಣ' ಅಂತ ಒಂದು ಮಾತು ಅಂದ್ಬಿಡಿ. ಪೇಪರ್‌ನೋರೂ ಬಂದಿದಾರೆ."

"ನೋಡೋಣಪ್ಪ, ಬಾಯಿಗೆ ಏನು ಬರತ್ತೋ" ಎಂದಿದ್ದೆ. ನನಗೇನು ಮಾತಾಡಬೇಕೋ ತೋಚಿರಲಿಲ್ಲ. ವಿಷಯ ಕೊಟ್ಟ ಪುಣ್ಯಾತ್ಮರಿಗೆ ಮೊದಲ ವಂದನೆ ಸಲ್ಲಲಿ. ಅವರ ಮಾತಿಗೆ ಉತ್ತರ ಕೊಟ್ಟೇ ಇಳಿಯುತ್ತೇನೆ. ಆದರೆ ಅದಕ್ಕೆ ಮುಂಚೆ ಒಂದು ಬುಟ್ಟಿಯ ಕಥೆ ಹೇಳಬೇಕು.

ನಮ್ಮ ಸಂತೆಯ ಪದ್ಧತಿ ಇಲ್ಲಿನ ಹೆಂಗಸರಿಗೆ ಗೊತ್ತು, ಕೋಟಿನವರಿಗೆ ಗೊತ್ತಿರಲಾರದು. ಮಾರುವವಳ ಮನೆಯಲ್ಲಿ ಸಾವಾದರೆ ಪಕ್ಕದವಳು ಅವಳ ಬುಟ್ಟಿಯನ್ನು ಅವಳ ಜಾಗದಲ್ಲಿ ಬೋರಲು ಹಾಕುತ್ತಾಳೆ. ಅಷ್ಟೆ. ಅವಳೇ ಬಂದು ತನ್ನ ಕೈಯಾರೆ ಎತ್ತಿ ಮಗುಚುವವರೆಗೆ ಅಲ್ಲಿ ಯಾರೂ ಕೂರುವಂತಿಲ್ಲ. ಗುಮಾಸ್ತನೂ ಸೊಲ್ಲೆತ್ತುವಂತಿಲ್ಲ. ಇದು ಸಾವಿಗೆ ಮಾತ್ರ. ಜ್ವರಕ್ಕಿಲ್ಲ, ಮಗಳ ಹೆರಿಗೆಗಿಲ್ಲ, ಬಿರುಗಾಳಿಗೆ ಮನೆಯ ತಗಡು ಹಾರಿಹೋದರೂ ಇಲ್ಲ.

ನನ್ನ ಬುಟ್ಟಿ ಮೊದಲ ಸಲ ಬೋರಲು ಬಿದ್ದದ್ದು ನನ್ನ ಗಂಡ ಜೊಸಾಯಾ ಹೋದಾಗ. ಹೊಟ್ಟೆನೋವು ಎಂದು ಎರಡು ದಿನ ಮುಲುಗಿದ. ನಮ್ಮ ಕಡೆಯ ನರ್ಸಮ್ಮ ಮುಟ್ಟಿ ನೋಡಿ, "ಇದು ಕೊಯ್ದೇ ತೆಗೀಬೇಕಾದ್ದು, ಈಗ್ಲೇ ಬಾಸ್ಟೇರಿಗೆ ಕರ್ಕೊಂಡು ಹೋಗಿ" ಎಂದಳು. ಕೊಯ್ಯುವ ಡಾಕ್ಟರು ಸೇಂಟ್ ಕಿಟ್ಸ್‌ನ ಈ ದಡದಲ್ಲಿದ್ದರು. ಕಡಲು ಎದ್ದಿತ್ತು. ಇದೇ ಆಲ್ಫಿಯಸ್ ದೋಣಿಯನ್ನು ಎರಡು ಸಲ ಬಿಟ್ಟ. ಎರಡು ಸಲವೂ ಅಲೆ ತಂದು ದೋಣಿ ಕಟ್ಟುವ ಧಕ್ಕೆಗೇ ಬಡಿಯಿತು. ಬಿಸಿಲು ಮಾತ್ರ ಚೆನ್ನಾಗಿತ್ತು. ಧಕ್ಕೆಯ ಮೇಲೆ ಹಾಯಿಬಟ್ಟೆ ಹಾಸಿ ಅವನನ್ನು ಮಲಗಿಸಿದ್ದೆವು. ಅವನು ಈ ಕಡೆಗೇ, ನಿಮ್ಮ ಗುಡ್ಡದ ಕಡೆಗೇ ನೋಡುತ್ತಿದ್ದ.

"ಕೆಟಿ, ಅಷ್ಟು ಹತ್ರ ಕಾಣ್ತಿದೆಯಲ್ಲೇ" ಎಂದ.

ಮತ್ತೆ ಅವನು ಮಾತಾಡಲಿಲ್ಲ.

ಒಂದು ಲೋಟ ನೀರು ಕೊಡಿ. ಇದನ್ನು ಹೇಳಬೇಕೆಂದು ಬಂದವಳಲ್ಲ ನಾನು.

ನಿಮ್ಮಲ್ಲಿ ಯಾರಿಗೋ ಅನ್ನಿಸುತ್ತಿರಬಹುದು, ಅಲೆ ಎದ್ದದ್ದಕ್ಕೂ ಸರ್ಕಾರಕ್ಕೂ ಏನು ಸಂಬಂಧ ಎಂದು. ಸಂಬಂಧ ಇಲ್ಲ. ಕಡಲು ಯಾರ ಪಕ್ಷವೂ ಅಲ್ಲ. ಆದರೆ ಒಂದು ಊರಿನವರು ಬದುಕುವುದಕ್ಕೂ ಸಾಯುವುದಕ್ಕೂ ಇನ್ನೊಂದು ದಡಕ್ಕೆ ಹೋಗಿ ಕೈಕಟ್ಟಿ ನಿಲ್ಲಬೇಕೇ? ನಮ್ಮ ರಸ್ತೆಯ ಗುಂಡಿ ಎಷ್ಟು ಆಳ ಎಂದು ಆ ಗುಂಡಿಯನ್ನೇ ಕಾಣದವರು ಹೇಳಬೇಕೇ? ನಮ್ಮ ಮನೆಯ ಒಲೆಗೆ ನಾವೇ ಯಜಮಾನರಾಗುವುದು ಅಷ್ಟು ದೊಡ್ಡ ಆಸೆಯೇ? ಇಷ್ಟೇ ಇದ್ದದ್ದು ನನ್ನ ತಲೆಯಲ್ಲಿ. ಅದಕ್ಕೇ ಮತದಾನದ ವರ್ಷ ಬೇರೆಯಾಗುವ ಮಾತು ಬಂದಾಗ, ಮೊಣಕಾಲು ನೋವಿದ್ದರೂ, ನಮ್ಮೂರು ಜಿಂಜರ್‌ಲ್ಯಾಂಡ್‌ನ ಮನೆಮನೆಗೂ ಬಾವುಟ ಹಿಡಿದು ಹತ್ತಿ ಇಳಿದೆ.

ಅಯಾಂಥಿ ಒಟ್ಟಿಗೇ ಇರಬೇಕೆನ್ನುವವಳು. ಅವಳ ಕಾರಣ ಬೇರೆಯೇ. "ನೀವು ಹೊರಟ್ಹೋದ್ರೆ ಈ ದೊಡ್ಡೋರನ್ನ ಬೈಯೋಕೆ ನಂಗೆ ಜೊತೆ ಯಾರಿದಾರೆ?" ಎನ್ನುತ್ತಿದ್ದಳು. ಅತಿಥಿಗಳೇ, ಒಟ್ಟಿಗಿರಬೇಕೆನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಕಾರಣವನ್ನು ನಾನು ನಿಮ್ಮ ಭಾಷಣದಲ್ಲೂ ಕೇಳಲಿಲ್ಲ.

ಮತದಾನ ಇದ್ದದ್ದು ಸೋಮವಾರ. ಅದರ ಹಿಂದಿನ ಶನಿವಾರ ನಾನು ಎಂದಿನಂತೆ ಗೆಣಸು ತುಂಬಿಕೊಂಡು ಬಂದೆ. ಹೊಸ ಸ್ಕಾರ್ಫು ಬೇರೆ ಕಟ್ಟಿದ್ದೆ. ಬಾಯಿ ಸುಮ್ಮನಿರಬೇಕಲ್ಲ?

"ಅಯಾಂಥಿ, ಬೇಕಾದಷ್ಟು ಗೆಣಸು ಇವತ್ತೇ ತಗೊಂಡ್ಬಿಡೇ. ಸೋಮವಾರ ಕಳೀಲಿ, ನನ್ನ ಗೆಣಸು ತಿನ್ಬೇಕು ಅಂದ್ರೆ ಪಾಸ್‌ಪೋರ್ಟ್ ತೋರಿಸ್ಬೇಕಾಗತ್ತೆ."

"ನಿನ್ನ ಗೆಣಸಿಗೆ ಪಾಸ್‌ಪೋರ್ಟಾ? ಆ ನಾರು ಅಗಿಯೋಕೆ ಹೊಸ ಹಲ್ಲು ಕೊಡ್ಸು ಮೊದ್ಲು! ಬಂದ್ಲು ನೋಡ್ರೇ, ಹೊಸ ದೇಶದ ರಾಣಿ. ಕಿರೀಟ ಯಾರು ಮಾಡಿಕೊಡ್ತಾರೆ? ಆಲ್ಫಿಯಸ್ಸು ಮೀನಿನ ಬಲೇಲಿ ಹೆಣೀತಾನಾ?"

ಇಡೀ ಸಂತೆ ನಕ್ಕಿತು. ನಾನೂ ನಕ್ಕೆ. ಆಮೇಲೆ ಬುಟ್ಟಿ ಖಾಲಿಯಾಗಿ ನಾನು ಏಳುವಾಗ ಅವಳು ಮೆಲ್ಲಗೆ ಕೇಳಿದಳು: "ಹೋಗೋದಾದ್ರೆ ಹೋಗ್ರೇ. ಆದ್ರೆ ಶನಿವಾರ ಬರ್ತೀಯೋ ಇಲ್ವೋ, ಅದನ್ನ ಹೇಳು."

ದೋಣಿಗೆ ಹೊತ್ತಾಯಿತು ಎಂದು ಖಾಲಿ ಬುಟ್ಟಿಯನ್ನು ಅವಳ ಹತ್ತಿರವೇ ಬಿಟ್ಟು ಹೊರಟೆ.

ಮಂಗಳವಾರ ಬೆಳಗ್ಗೆ ರೇಡಿಯೊ ಹೇಳಿತು. ಹೋಗೋಣ ಎಂದವರೇ ಹೆಚ್ಚು. ಬಹಳ ಹೆಚ್ಚು. ಆದರೆ ಮೂವರಲ್ಲಿ ಇಬ್ಬರು ಎನ್ನುವ ಲೆಕ್ಕಕ್ಕೆ ಒಂದು ಹಿಡಿ ಕಡಿಮೆ. ಗೆದ್ದು ಸೋತವರನ್ನು ನೀವು ಎಲ್ಲಾದರೂ ನೋಡಿದ್ದೀರಾ? ಹಿಂದಿನ ಬೆಂಚು ನೋಡಿ. ಓಟದಲ್ಲಿ ಮೊದಲು ಬಂದವನಿಗೆ, ನೀನು ಇನ್ನೂ ಸ್ವಲ್ಪ ಮೊದಲು ಬರಬೇಕಿತ್ತು ಎಂದಂತೆ. ಈ ದಡದಲ್ಲಿ ಕಾರಿನ ಹಾರ್ನ್ ಬಾರಿಸಿಕೊಂಡು ಕುಣಿದರಂತೆ. ಕುಣಿಯಲಿ, ಅವರು ಗೆದ್ದಿದ್ದರು. ಆದರೆ ಆ ಶನಿವಾರ ನನಗೆ ದೋಣಿ ಹತ್ತಲು ಕಾಲು ಬರಲಿಲ್ಲ. ಮುಂದಿನ ಶನಿವಾರವೂ ಬರಲಿಲ್ಲ. ಗೆಣಸನ್ನು ನೆಲದಲ್ಲೇ ಬಿಟ್ಟೆ. ಟೊಮೆಟೊ ಕೊಳೆಯಿತು. ಮಾವಿನ ಮರಕ್ಕೆ ಮಂಗಗಳು ಹಿಂಡು ಹಿಂಡಾಗಿ ಬಂದವು. ಕಲ್ಲೆತ್ತಲೂ ಮನಸ್ಸಾಗಲಿಲ್ಲ. ಇನ್ನೆಲ್ಲಿಯ ಸಂತೆ, ಗೇಟಿನ ಪಕ್ಕದ ಜಾಗವನ್ನು ಯಾರು ಖಾಲಿ ಬಿಡುತ್ತಾರೆ, ಹೋಯಿತು ಎಂದುಕೊಂಡೆ. ಆ ಜಾಗವೇ ನನ್ನ ಅನ್ನ. ಅನ್ನಕ್ಕಿಂತ ಹೆಚ್ಚಾಗಿ, ಪಕ್ಕದಲ್ಲಿ ಕೂರುವ ಈ ಬಾಯಿಬಡುಕಿ.

ಆಗ ಒಂದು ಸಂಜೆ ಆಲ್ಫಿಯಸ್ ದೋಣಿ ಕಟ್ಟಿ ನಮ್ಮ ಮನೆಗೆ ಬಂದ. ಬಾಗಿಲಲ್ಲೇ ನಿಂತ.

"ಅಕ್ಕಾ, ನಿನ್ನ ಬುಟ್ಟಿ ಬೋರಲು ಹಾಕಿದಾಳೆ."

"ಯಾರು ಸತ್ತೋದ್ರೋ?" ಎಂದು ಎದ್ದೇಬಿಟ್ಟೆ.

"ಡನ್‌ಸ್ಟನ್ನೂ ಅದನ್ನೇ ಕೇಳ್ದ" ಎಂದ.

ನಮ್ಮ ಸಂತೆ ಗುಮಾಸ್ತ ಡನ್‌ಸ್ಟನ್ ಅಲ್ಲಿ ಕಿಟಕಿ ಪಕ್ಕ ಕುಳಿತಿದ್ದಾನೆ. ತಪ್ಪಿಸಿಕೊಳ್ಳಬೇಡಪ್ಪ, ನಿನ್ನ ಮೇಲೆ ನನಗೆ ಸಿಟ್ಟಿಲ್ಲ. ಸ್ಯಾಂಡಿ ಪಾಯಿಂಟ್‌ನ ಹೆಂಗಸೊಬ್ಬಳು ಆ ಜಾಗ ಕೇಳಿದ್ದಳು, ನೀನು ನಿನ್ನ ಕೆಲಸ ಮಾಡಿದೆ. ಆಲ್ಫಿಯಸ್ ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ, ತಪ್ಪಿದ್ದರೆ ತಿದ್ದು. ಡನ್‌ಸ್ಟನ್ ಬುಟ್ಟಿಗೆ ಕಾಲು ತಾಗಿಸಿ ಹೇಳಿದನಂತೆ:

"ಅಯಾಂಥಮ್ಮ, ಇದೇನು ನಾಟ್ಕ? ಆಯಮ್ಮನ ಮನೇಲಿ ಯಾರೂ ಸತ್ತಿಲ್ಲ. ತೆಗೀರಿ."

"ಅವಳ ದೇಶ ಸತ್ತಿದೆ ಕಣಯ್ಯ. ಕಾಲು ತೆಗಿ."

"ದೇಶಾನಾ? ಅದು ಹುಟ್ಟೇ ಇಲ್ವಲ್ಲ!"

"ಹುಟ್ಟದೇ ಸತ್ತ ಕೂಸಿಗೆ ತಾಯಿ ಅಳಲ್ವೇನೋ? ಅವಳು ಅತ್ತು ಮುಗಿಸೋ ತನಕ ಈ ಬುಟ್ಟಿ ಮುಟ್ಟಿದ್ರೆ ನೋಡು, ಮೀನು ಕೊಯ್ಯೋ ಕತ್ತಿ ಕೈಯಲ್ಲೇ ಇದೆ."

ಆ ಮಾತು ಅವಳ ಬಾಯಿಗೆ ಎಲ್ಲಿಂದ ಬಂತು ಎನ್ನುವುದು ನನಗೆ ಗೊತ್ತು. ಇಲ್ಲಿ ಹೇಳುವುದಿಲ್ಲ.

ನೀವೇ ಯೋಚಿಸಿ. ಅವಳ ಕಡೆ ಗೆದ್ದಿದೆ. ಅವಳ ಬೀದಿಯಲ್ಲಿ ಕುಣಿತ. ಅವಳು ಬೇಡಿಕೊಂಡದ್ದೇ ಆಗಿದೆ. ಅಂಥವಳು ಸೋತವಳ ಸೂತಕ ಕಾಯುತ್ತ ಶನಿವಾರದ ಮೇಲೆ ಶನಿವಾರ ಕೂತಿದ್ದಳು, ಹಾದುಹೋಗುವವರು ಕುಹಕ ಆಡಿದರೂ. ಇಂಥ ಉಪಕಾರವನ್ನು ಏನೆಂದು ಕರೆಯಬೇಕೋ ನನ್ನ ಶಾಲೆಯಲ್ಲಿ ಹೇಳಿಕೊಡಲಿಲ್ಲ.

ಆಲ್ಫಿಯಸ್ ಹೊರಡುವಾಗ ಇನ್ನೊಂದು ಮಾತು ಹೇಳಿದ. "ಇನ್ನೊಂದು ಶನಿವಾರ ಅಳೋಕೆ ಬಿಡ್ತಾಳಂತೆ. ಆಮೇಲೂ ಬರ್ದಿದ್ರೆ ಅವಳೇ ದೋಣಿ ಹತ್ತಿ ಬಂದು ಜುಟ್ಟು ಹಿಡಿದು ಎಳ್ಕೊಂಡು ಹೋಗ್ತಾಳಂತೆ." ಹೇಳುವಾಗ ಅವನ ಮುಖದಲ್ಲೊಂದು ನಗು ಇತ್ತು. ಅಕ್ಕನ ಮೇಲಿನ ಪ್ರೀತಿ ಎಂದುಕೊಂಡಿದ್ದೆ. ಈಗ ಅರ್ಥವಾಗುತ್ತಿದೆ ಅದು ಯಾರ ಮೇಲಿನದೆಂದು.

ಹೋದೆ. ಹಳೆಯ ಸ್ಕಾರ್ಫು ಕಟ್ಟಿಕೊಂಡು ಹೋದೆ. ಅಯಾಂಥಿ ಮೀನಿನಿಂದ ತಲೆ ಎತ್ತಲಿಲ್ಲ, ಕೈ ಮಾತ್ರ ಚಾಚಿದಳು.

"ಪಾಸ್‌ಪೋರ್ಟ್ ತೋರ್ಸು."

ನಾನು ಚೀಲದಿಂದ ಒಂದು ಗೆಣಸು ತೆಗೆದು ಅವಳ ಅಂಗೈ ಮೇಲಿಟ್ಟೆ. ತಿರುಗಿಸಿ ನೋಡಿದಳು, ಮೂಸಿದಳು. "ಫೋಟೋ ಸರಿಯಾಗಿ ಬಂದಿದೆ, ನಿನ್ನ ಹಾಗೇ ಇದೆ. ಒಳಗೆ ಬಾ" ಎಂದಳು. ಆಮೇಲೆ ನಾನು ನನ್ನ ಬುಟ್ಟಿಯನ್ನು ಎತ್ತಿ ಮಗುಚಿದೆ. ಕೆಳಗಿನ ನೆಲ ಗುಡಿಸಿದ ಹಾಗಿತ್ತು. ಬೋರಲು ಹಾಕಿದ ಬುಟ್ಟಿಯ ಕೆಳಗೆ ಯಾರು ಗುಡಿಸುತ್ತಾರೆ? ಪ್ರತಿ ಶನಿವಾರ ಎತ್ತಿ, ಗುಡಿಸಿ, ಮತ್ತೆ ಹಾಕಿದವರು ಗುಡಿಸುತ್ತಾರೆ.

ಈಗ ಅತಿಥಿಗಳಿಗೆ ಉತ್ತರ. ಪೇಪರಿನವರೇ, ಬರೆದುಕೊಳ್ಳಿ. ಮತ್ತೆ ಮತದಾನ ಬಂದರೆ ನಾನು ಮತ್ತೆ ಹೊರಗೆ ಎಂದೇ ಗುರುತು ಹಾಕುತ್ತೇನೆ. ಆವತ್ತು ದುಡುಕಲಿಲ್ಲ, ನಾಳೆಯೂ ದುಡುಕುವುದಿಲ್ಲ. ಜೊಸಾಯಾ ಮಲಗಿದ್ದ ಧಕ್ಕೆ ಇನ್ನೂ ಅಲ್ಲೇ ಇದೆ. ಮುಂದಿನ ಬೆಂಚಿನವರು ಮುಖ ಗಂಟಿಕ್ಕಿಕೊಂಡಿರಿ, ಸರಿ. ಆದರೆ ನನ್ನ ಬುಟ್ಟಿಯನ್ನು ನಿಮ್ಮ ಬಾವುಟ ಮಾಡಿಕೊಳ್ಳಬೇಡಿ. ಅಯಾಂಥಿ ಅದನ್ನು ಕಾದದ್ದು ನಾನು ಉಳಿಯಲಿ ಎಂದಲ್ಲ, ನಾನು ಅಳಲಿ ಎಂದು.

ಹಿಂದಿನ ಬೆಂಚಿನವರೇ, ಚಪ್ಪಾಳೆ ನಿಲ್ಲಿಸಿ. ನಿಮಗೂ ಇದೆ. ನಮ್ಮ ಒಲೆ ನಮಗೆ ಬೇಕು ಎನ್ನುವುದಕ್ಕೆ ಆಚೆ ದಡದವರೆಲ್ಲ ಕಳ್ಳರು ಎಂದು ಹಾಡು ಕಟ್ಟಬೇಕಾಗಿಲ್ಲ. ಆ ಹಾಡನ್ನು ನಾನೂ ಹಾಡಿದ್ದೆ. ಬುಟ್ಟಿ ಎತ್ತಿದ ದಿನದಿಂದ ಅದರ ರಾಗ ನನ್ನ ಗಂಟಲಿಗೆ ಬರುವುದಿಲ್ಲ.

ಮುಂದಿನ ವಾರ ಅಯಾಂಥಿ ನಮ್ಮೂರಿನವಳಾಗುತ್ತಾಳೆ. ನಮ್ಮ ಕಡೆಯ ಓಟೂ ಅವಳಿಗೆ ಬರುತ್ತದೆ. ಆ ದಿನ ಬಂದರೆ ಜಿಂಜರ್‌ಲ್ಯಾಂಡ್ ಶಾಲೆಯ ಸಾಲಿನಲ್ಲಿ ಅವಳು ನನ್ನ ಮುಂದೆ ನಿಂತು ಒಟ್ಟಿಗೆ ಎಂದು ಗುರುತು ಹಾಕುತ್ತಾಳೆ, ನಾನು ಹಿಂದೆಯೇ ಹೋಗಿ ಹೊರಗೆ ಎಂದು ಹಾಕುತ್ತೇನೆ. ಆಲ್ಫಿಯಸ್ ಯಾವುದಕ್ಕೆ ಹಾಕುತ್ತಾನೋ ಇವತ್ತಿಗೂ ಬಾಯಿ ಬಿಟ್ಟಿಲ್ಲ. ದೋಣಿಯವನಿಗೆ ಎರಡು ದಡವೂ ಬೇಕು. ಆಮೇಲೆ ಮೂವರೂ ಮನೆಗೆ ಹೋಗಿ ಉಪ್ಪುಮೀನು ತಿನ್ನುತ್ತೇವೆ.

ನನ್ನ ಕಾಲೂ ಇನ್ನು ದೋಣಿ ಹತ್ತುವುದಿಲ್ಲ. ಡನ್‌ಸ್ಟನ್, ಗೇಟಿನ ಪಕ್ಕದ ಎರಡೂ ಜಾಗ ಖಾಲಿ. ಸ್ಯಾಂಡಿ ಪಾಯಿಂಟ್‌ನ ಆ ತಾಯಿಯನ್ನು ಕರೆದು ಕೂರಿಸು, ಪಾಪ, ಬಹಳ ಕಾದಿದ್ದಾಳೆ. ಬುಟ್ಟಿಯನ್ನು ಮಾತ್ರ ನಾನು ತೆಗೆದುಕೊಂಡು ಹೋಗುತ್ತೇನೆ.

ಅಯಾಂಥಿ, ಏಳಬೇಡ, ಕೂತೇ ಕೇಳು. ಆವತ್ತು ನೀನು ಕೇಳಿದ್ದೆ, ಶನಿವಾರ ಬರ್ತೀಯೋ ಇಲ್ವೋ ಎಂದು. ನಾನು ಉತ್ತರ ಕೊಟ್ಟಿರಲಿಲ್ಲ. ಈಗ ಕೊಡುತ್ತೇನೆ. ಮುಂದೊಂದು ದಿನ ನಮ್ಮ ಕಡೆ ಗೆದ್ದು, ನಿನ್ನ ಈ ಒಟ್ಟಿಗಿರುವ ದೇಶ ಸತ್ತರೆ, ನನ್ನ ಬೀದಿಯಲ್ಲಿ ಕುಣಿತ ಇರುತ್ತದೆ. ನಾನು ಕುಣಿಯುವುದಿಲ್ಲ. ಇನ್ನು ನಾವಿಬ್ಬರೂ ಕೂರಲಿರುವ ನೀವಿಸ್‌ನ ಚಾರ್ಲ್ಸ್‌ಟೌನ್ ಸಂತೆಯಲ್ಲಿ ನನ್ನ ಪಕ್ಕ ನಿನ್ನ ಬುಟ್ಟಿಯನ್ನು ಬೋರಲು ಹಾಕಿ ಕೂತಿರುತ್ತೇನೆ. ಯಾರೂ ಅದನ್ನು ಮುಟ್ಟದ ಹಾಗೆ, ಕೆಳಗಿನ ನೆಲ ಗುಡಿಸುತ್ತ, ನೀನು ನನಗೆ ಕೊಟ್ಟದ್ದಕ್ಕಿಂತ ಒಂದು ಶನಿವಾರ ಹೆಚ್ಚಾಗಿಯೇ. ನೀನು ಮನೆಯಲ್ಲಿ ಬೇಕಾದಷ್ಟು ಅತ್ತುಕೊಂಡು ಬಾ.

ಪಾದ್ರಿಗಳಿಗೆ, ಸಭಾಂಗಣ ಬಿಟ್ಟುಕೊಟ್ಟವರಿಗೆ, ಬೆಂಚು ಹೊತ್ತವರಿಗೆ, ಮುದುಕಿಯ ಬಾಯಿಯನ್ನು ಇಷ್ಟು ಹೊತ್ತು ಸಹಿಸಿಕೊಂಡ ಎರಡೂ ದಡದವರಿಗೆ ನಾನು ಋಣಿ. ಹಿತ್ತಲಿಂದ ಸಾರಿನ ವಾಸನೆ ಬರುತ್ತಿದೆ, ಇನ್ನು ನಿಮ್ಮನ್ನು ಹಿಡಿದಿಟ್ಟರೆ ಪಾಪ ತಟ್ಟುತ್ತದೆ. ಎಲ್ಲರಿಗೂ ಈ ಕೆಟುರಾ ಲೈಬರ್ಡ್‌ಳ ನಮಸ್ಕಾರ.