ಎಡಗಡೆ ಪೆಡಲ್

…ಪೆಡಲ್ ಒಂದನ್ನ ಸಿಕ್ಕಿಸಿಕೊಡು ಮೇಸ್ತ್ರಿ, ಸಾಕು ಅಂತ ನಾನು ಹೇಳೋದು, ಆಗಲ್ಲ ಅಂತ ನೀನು ತಲೆ ಆಡಿಸೋದು. ಯಾಕಾಗಲ್ಲ? ಕಳಚಿ ಬಿದ್ದಿದ್ದು ಪೆಡಲ್ ತಾನೇ? ಓ… ಅದು ಕೂರೋ ಈ ಕಬ್ಬಿಣದ ತೋಳೂ ಹೋಯ್ತಾ? ಕ್ರ್ಯಾಂಕು. ತೂತಿಗೆ ಬೆರಳು ಹಾಕಿ ಏನು ತೋರಿಸ್ತೀಯ, ಒಳಗಿನ ಥ್ರೆಡ್ಡೆಲ್ಲಾ ಕಿತ್ತು ಬಂದಿದೆ ಅಂತಾನಾ? ನನಗೆಲ್ಲಿ ಕಾಣಬೇಕು, ಕಣ್ಣಲ್ಲಿ ಪೊರೆ.

ಎಷ್ಟಾಗತ್ತೆ? ಪೆಟ್ಟಿಗೆ ಮೇಲಿನ ಅಕ್ಷರ ತೋರಿಸಬೇಡ, ಓದು ನನ್ನ ತಲೆಗೆ ಹತ್ತಲಿಲ್ಲ. ಬಾಯಿ ಬಿಡೋನಲ್ಲ ನೀನು, ಬೆರಳಲ್ಲಾದರೂ ಹೇಳು. ಒಂಬತ್ತು ನೂರಾ? ಒಂದು ತೋಳಿಗೆ? ಅಯ್ಯೋ, ಎರಡೂ ಸೇರಿ ಬರತ್ತಾ, ಹಲ್ಲಿನ ಚಕ್ರಾನೂ ಜೊತೆಗೆ? ಬಲಗಡೇದು ಕಲ್ಲಿನ ಹಾಗಿದೆಯಲ್ಲಪ್ಪ. ಒಂದು ಚಪ್ಪಲಿ ಕಳೆದವಳಿಗೆ ಜೊತೆ ಕಟ್ಟೋ ಬುದ್ಧಿ ನಿಮ್ಮದು. ಆಯ್ತು ಬಿಡು, ಕೊಡ್ತೀನಿ. ಯಾಕೆ ಹುಬ್ಬೇರಿಸ್ತೀಯ? ಸೂಜಿ ಕೊಳ್ಳೋವಾಗಲೂ ಚೌಕಾಸಿ ಮಾಡೋ ಮುದುಕಿ ಒಂದೇ ಮಾತಿಗೆ ಒಪ್ಪಿದಳು ಅಂತಾನಾ?

ಕೊಡ್ತೀನಿ. ಆದರೆ ನೀನೊಂದು ಮಾತು ಹೇಳಬೇಕು. ನನ್ನ ಮಗ ಆಸ್ಪತ್ರೆಯಿಂದ ನೇರ ಇಲ್ಲಿಗೇ ಬರ್ತಾನೆ. 'ಓಡೋ ಸೈಕಲ್ಲಿನ ಪೆಡಲ್ ಹೇಗೆ ಕಳಚತ್ತೆ, ಮೇಸ್ತ್ರೀನೇ ಕೇಳ್ತೀನಿ' ಅಂದಿದಾನೆ. ಕಳಪೆ ಮಾಲು ಅಂತ ಹೇಳಿಬಿಡು. ಕಳಪೆ ಇತ್ತು, ಕಿತ್ತು ಬಂತು, ಮುಗೀತು… ಹೋದ ತಿಂಗಳು ನೀನೇ ಹೊಸದು ಹಾಕಿದ್ದು, ಗೊತ್ತು. ನಿನ್ನ ಹೆಸರು ಕೆಡತ್ತೆ, ಅದೂ ಗೊತ್ತು. ನಾಲ್ಕು ದಿನ ಆಡ್ಕೋತಾರೆ, ಮರೀತಾರೆ. ನನಗೆ ಗೊತ್ತಿಲ್ವಾ, ಈ ಬೀದಿಗೆ ಮಾತು ಹಂಚೋಳು ನಾನೇ.

ಅವಳಾ? ಸೊಸೆ ಜೀವಕ್ಕೆ ಅಪಾಯ ಇಲ್ಲ. ತೊಡೆ ಮೂಳೆ ಎರಡು ತುಂಡು. ಬೆಳಗ್ಗೆ ಆಪರೇಷನ್ನಿಗೆ ಕರಕೊಂಡು ಹೋದರು, ಸರಳು ಹಾಕ್ತಾರಂತೆ. ನಿನ್ನೆ ಕೆಲಸಕ್ಕೆ ಹೋಗ್ತಾ, ಸೇತುವೆ ಏರಿನಲ್ಲಿ ಸೀಟು ಬಿಟ್ಟು ಎದ್ದು ತುಳಿದಳಂತೆ. ಎಡಗಾಲಿನ ಭಾರ ಬಿದ್ದಿದ್ದೇ ತಡ, ಪೆಡಲ್ ಕೈಕೊಡ್ತು. ಕಲ್ಲಿನ ಅಂಚಿಗೆ ಬಿದ್ದಳು. ಹಿಂದೆ ಲಾರಿ. ಡ್ರೈವರ್ ಪುಣ್ಯಾತ್ಮ, ತಿರುಗಿಸಿಕೊಂಡ. ಒಂದೇ ಒಂದು ಗೇಣು, ಮೇಸ್ತ್ರಿ… ಸ್ವಲ್ಪ ನೀರು ಕೊಡು.

ಹಾಗೆ ನೋಡಬೇಡ. ನಾನು ಆಡಿದ ಮಾತು ನಿನ್ನ ಕಿವಿಗೂ ಬಿದ್ದಿರಬೇಕು. ಹೌದು, ಹೇಳಿದೆ. ನಮ್ಮ ಸೊಸೆ ದಿನಾ ಸಂಜೆ ಸೈಕಲ್ ಅಂಗಡೀಲಿ ಅರ್ಧ ಗಂಟೆ ಇರ್ತಾಳೆ, ಅಷ್ಟೊಂದು ಗಾಳಿ ಕುಡಿಯೋ ಚಕ್ರ ಯಾವುದಮ್ಮ ಅಂತ ದರ್ಜಿ ಹೆಂಡ್ತಿಗೆ ಹೇಳಿದೆ. ನಿನಗೆ ಅರವತ್ತೆರಡು, ಬಾಯಲ್ಲಿ ಉಳಿದಿರೋದು ಆರು ಹಲ್ಲು. ಆದರೂ ಹೇಳಿದೆ. ಕೇಳ್ತಾ ಕೇಳ್ತಾ ದರ್ಜಿ ಹೆಂಡ್ತಿ ಕಣ್ಣರಳಿಸಿ ಹತ್ತಿರ ಸರಿದಳು ನೋಡು… ಈ ವಯಸ್ಸಿನಲ್ಲಿ ನನ್ನ ಪಕ್ಕಕ್ಕೆ ಬೇರೆ ಯಾತಕ್ಕೆ ಯಾರು ಸರೀತಾರೆ?

ನಗ್ತಿದ್ದೀಯಾ? ಇಲ್ಲ. ನಿನ್ನ ಮುಖದಲ್ಲಿ ಏನಿದೆ ಅಂತಾನೇ ಗೊತ್ತಾಗಲ್ಲ.

ಈಗ ಏನು, ಹೊಸ ತೋಳಿಗೆ ಪೆಡಲ್ ಹಾಕ್ತಿದ್ದೀಯಾ? ಹಾಕು, ಹಾಕು, ನನ್ನ ಮಗ ಬರೋದರೊಳಗೆ ಮುಗಿಸು. ಆದರೆ… ಎಡಕ್ಕೆ ತಿರುಗಿಸ್ತಿದ್ದೀಯಲ್ಲ? ಅದು ಬಿಚ್ಚೋ ದಿಕ್ಕಲ್ವಾ? ಡಬ್ಬಿ ಮುಚ್ಚಳ, ನಲ್ಲಿ, ಎಲ್ಲಾ ಬಲಕ್ಕೆ ತಿರುಗಿಸಿದರೆ ತಾನೇ ಬಿಗಿಯಾಗೋದು? ಎಡಕ್ಕೇ ಒಳಗೆ ಹೋಗ್ತಿದೆ. ಬಲಕ್ಕೆ ತಿರುಗಿಸು ನೋಡೋಣ. ಹೊರಗೆ ಬಂತು… ಎಡಗಡೆ ಪೆಡಲ್ಲಿಗೆ ಮಾತ್ರ ಉಲ್ಟಾನಾ? ತುಳೀತಾ ತುಳೀತಾ ಕಳಚಬಾರದು ಅಂತಾನಾ?

ಹಾಗಾದರೆ ನಾನು ಮೊನ್ನೆ…

ಏನಿಲ್ಲ. ನಾನೇನೂ ಹೇಳಲಿಲ್ಲ.

ಸ್ಪ್ಯಾನರ್ ಕೆಳಗಿಡು ಮೇಸ್ತ್ರಿ. ಬೈಯೋದಾದರೆ ಬೈ. ಏನಾದರೂ ಅನ್ನು.

ಬೀಳಿಸಬೇಕು ಅಂತ ಅಲ್ಲ. ಮೊನ್ನೆ ಸಂಜೆ ಅವಳು ಬಟ್ಟೆ ತರೋಕೆ ಮಹಡಿಗೆ ಹೋಗಿದ್ದಳು. ಮಗನ ಸ್ಪ್ಯಾನರ್ ತಗೊಂಡೆ. ಸ್ವಲ್ಪ ಸಡಿಲ ಆಗಲಿ, ತಳ್ಳಿಕೊಂಡು ನಿನ್ನ ಹತ್ರಾನೇ ಬರಲಿ, ನಮ್ಮನೆ ಕಿಟಕೀಲಿ ಕೂತು ನೋಡೋಣ ಏನು ನಡೆಯತ್ತೆ ಅಂತ. ಎಡಕ್ಕೆ ತಿರುಗಿಸಿದೆ. ಚೂರೇ ಚೂರು ಅಲ್ಲಾಡಿತು, ಆಮೇಲೆ ಜಪ್ಪಯ್ಯ ಅನ್ನಲಿಲ್ಲ.

ನಿನ್ನೆ ಬೆಳಗ್ಗೆ ಅವಳು ನನ್ನ ಗಲ್ಲ ಹಿಡಿದು ಕಣ್ಣಿಗೆ ಔಷಧಿ ಬಿಟ್ಟಳು. 'ಮಿಟುಕಿಸಬೇಡಿ ಅತ್ತೆ, ನಿಮ್ಮ ಬಾಯಿ ಹಾಗೇ ನಿಮ್ಮ ರೆಪ್ಪೇನೂ ಸುಮ್ಮನಿರಲ್ಲ' ಅಂತ ನಗ್ತಾ ನಗ್ತಾ. ಕೆನ್ನೆಗೆ ಇಳಿದ ಹನೀನ ಅವಳ ಸೆರಗಲ್ಲೇ ಒರೆಸಿದಳು. ಅವಳು ಊಟದ ಡಬ್ಬಿ ಮುಚ್ಚೋದರೊಳಗೆ ಹೊರಗೆ ಓಡಿದೆ, ಮೊದಲಿನ ಹಾಗೆ ಬಿಗಿ ಮಾಡಿಬಿಡೋಣ ಅಂತ. ಕಣ್ಣು ತುಂಬಾ ಔಷಧಿ, ಎಲ್ಲಾ ಮಂಜು ಮಂಜು. ಬಲಕ್ಕೆ ತಿರುಗಿಸಿದೆ. ಮೈಭಾರ ಎಲ್ಲಾ ಹಾಕಿದೆ. ಆಮೇಲೆ ಎಷ್ಟು ಸಲೀಸಾಗಿ ತಿರುಗಿತು ಅಂತೀಯ… ನಾಲ್ಕು ಸುತ್ತು. ಭದ್ರವಾಯ್ತು ಅಂತ ಎದೆ ಹಗುರಾಗಿ ಒಳಗೆ ಬಂದೆ. 'ಹುಷಾರಾಗಿ ಹೋಗು' ಅಂತ ಬೇರೆ ಅಂದೆ ಅವಳಿಗೆ. ಮದುವೆಯಾಗಿ ಬಂದಮೇಲೆ ಮೊದಲನೇ ಸಲ ಅಂದಿದ್ದು.

ಕೆಡಿಸೋಕೆ ಹೋದ ದಿನ ಬಿಗಿ ಮಾಡಿದ್ದೆನಾ, ಸರಿ ಮಾಡೋಕೆ ಹೋದ ದಿನ ಬಿಚ್ಚಿದೆನಾ, ಮೇಸ್ತ್ರಿ?

ಅವಳು ಇಲ್ಲಿಗೆ ಯಾಕೆ ಬರ್ತಿದ್ದಳು ಅಂತ ನೀನು ಹೇಳೋದೇನೂ ಬೇಡ. ಈ ಬೆಂಚಲ್ಲಿ ಇಷ್ಟು ಹೊತ್ತು ಕೂತಮೇಲೆ ನನಗೇ ಗೊತ್ತಾಯ್ತು. ಸುಮ್ಮನೆ ಕೂರೋಕೆ. ನಮ್ಮನೇಲಿ ಅದೊಂದು ಸಿಗಲ್ಲ.

ನನ್ನ ಮಗನಿಗೆ ಹೇಳಬೇಡ. ಕೂಗಾಡ್ತಾನೆ ಅಂತ ಭಯ ಅಲ್ಲ. ಕೂಗಾಡಲ್ಲ ಅವನು, ಅವರಪ್ಪನ ಥರ. ಅವರಪ್ಪ ನನ್ನ ಬಾಯಿಗೆ ಹೇಸಿ ಮಾತು ಬಿಟ್ಟವರು ಹನ್ನೊಂದು ವರ್ಷ ಒಂದೇ ಸೂರಿನಡಿ ಬದುಕಿ, ಮಾತಾಡದೇನೇ ಸತ್ತರು. ನೀರು ಬೇಕಾದರೆ ಲೋಟ ಕುಟ್ಟೋರು. ಅದು ಇನ್ನೊಂದು ಸಲ ನನ್ನ ಕೈಲಿ ಆಗಲ್ಲ. ಬೀದಿಗಾದರೂ ಹಾಕಲಿ, ಆದರೆ ಹಾಗೆ…

ಯಾಕೆ ಬಾಗಿಲ ಕಡೆ ನೋಡ್ತೀಯ? ಬಂದನಾ? ಬಂದ.

ಬಾರಪ್ಪ. ಆಪರೇಷನ್ ಆಯ್ತಾ? ಎಚ್ಚರ ಆಯ್ತಾ ಅವಳಿಗೆ?… ಸದ್ಯ.

ಅವನನ್ನ ಕೇಳಬೇಡ ಮಗಾ. ಎಷ್ಟು ಕೇಳಿದರೂ ಅವನು ಹೇಳಲ್ಲ. ಅವನ ಸಾಮಾನು ಗಟ್ಟಿಯಾಗೇ ಇತ್ತು.

ನನ್ನನ್ನ ಕೇಳು.